ಗುರುಗ್ರಾಮದ ಮೇಜಿನ ಮೇಲೆ ಜಾಲಹಳ್ಳಿ

ಫೆಬ್ರವರಿಯ ದೆಹಲಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯೂ ಕಳೆದ ಮೇಲೆ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ. ಆ ಗೆರೆ ಹಾಯುವುದು ಪ್ರಯಾಗರಾಜದ ಆಚೀಚೆ. ದೆಹಲಿ ಅಲ್ಲಿಂದ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತೊಂದು ನಿಮಿಷ ಅಲ್ಲೇ ಹೋಯಿತು. ಅದರ ಮೇಲೆ ಫೆಬ್ರವರಿಯ ಸೂರ್ಯ ಬೇರೆ ಹದಿನಾಲ್ಕು ನಿಮಿಷ ತಡ. ಇದೆಲ್ಲ ಹೈಸ್ಕೂಲಿನ ಭೂಗೋಳ. ಆದರೆ ಜಂತರ್ ಮಂತರ್‌ನ ಸಾಮ್ರಾಟ್ ಯಂತ್ರವೆಂಬ ನೆರಳುಗಡಿಯಾರದ ಬುಡದಲ್ಲಿ ನಿಂತು, ಸುಮಾರು ಎಪ್ಪತ್ತು ಅಡಿ ಎತ್ತರದ ಆ ಕೆಂಪು ಮೆಟ್ಟಿಲಿನ ನೆರಳು ಒಂದು ಕಡೆಯ ಕಮಾನಿನಿಂದ ಇಳಿದು ಮತ್ತೊಂದು ಕಡೆಯ ಕಮಾನಿಗೆ ಹತ್ತುವ ಗಳಿಗೆಯನ್ನು ಕಾಯುವುದು ಬೇರೆಯದೇ ಮಾತು. ನೆರಳು ನಿಂತಂತೆ ಕಾಣುತ್ತದೆ. ಗಾರೆಯ ಮೇಲಿನ ಯಾವುದಾದರೂ ಒಂದು ಬಿರುಕಿಗೆ ಕಣ್ಣು ನೆಟ್ಟರೆ ಸಾಕು, ಅದು ಹರಿಯುತ್ತಿರುವುದು ಗೊತ್ತಾಗುತ್ತದೆ. ಭೂಮಿ ತಿರುಗುವುದನ್ನು ಬರಿಗಣ್ಣಲ್ಲಿ ನೋಡಿದ ಹಾಗೆ ಮೈ ಜುಮ್ಮೆಂದಿತು.

ಜಯಪುರದ ಸವಾಯಿ ಜಯಸಿಂಹ ಇದನ್ನು ಕಟ್ಟಿಸಿದ್ದು 1724ರ ಹೊತ್ತಿಗೆ. ಹಿತ್ತಾಳೆಯ ಸಣ್ಣ ಉಪಕರಣಗಳು ಸವೆಯುತ್ತವೆ, ಅಲುಗಾಡುತ್ತವೆ, ಅವುಗಳ ಮೇಲಿನ ಗೆರೆಗಳು ಇಕ್ಕಟ್ಟು ಎಂದು ಬೇಸತ್ತು ಆತ ಕಲ್ಲು ಗಾರೆಗಳಲ್ಲಿ ದೊಡ್ಡದಾಗಿ ಕಟ್ಟಿಸಿದ. ದೊಡ್ಡದಾದಷ್ಟೂ ಕರಾರುವಾಕ್ಕು ಎಂಬುದು ಅವನ ನಂಬಿಕೆ. ಈಗ ಸುತ್ತಲೂ ಕನಾಟ್ ಪ್ಲೇಸಿನ ಎತ್ತರದ ಕಟ್ಟಡಗಳೆದ್ದು ಬೆಳಗಿನ, ಸಂಜೆಯ ಬಿಸಿಲಿಗೆ ಅಡ್ಡ ನಿಂತಿವೆ. ರಾಜಧಾನಿಯಲ್ಲಿ ಸೂರ್ಯನೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ಬರಬೇಕು.

ನಿಂತಲ್ಲೇ ಮನಸ್ಸು ಒಂದು ಲೆಕ್ಕ ಹಾಕಿತು. ಬೆಂಗಳೂರು, ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಲಾಲ್‌ಬಾಗಿನ ಬಂಡೆಯ ನೆತ್ತಿಗೆ ಬಂದ ಸೂರ್ಯ ಒಂದೂವರೆ ನಿಮಿಷ ಬಿಟ್ಟು ಜಂತರ್ ಮಂತರ್‌ನ ನೆತ್ತಿಗೆ ಬರುತ್ತಾನೆ. ಭಾಷೆ ಬೇರೆ, ಊಟ ಬೇರೆ, ಚಳಿಯಂತೂ ಪೂರಾ ಬೇರೆ. ಮಧ್ಯಾಹ್ನ ಮಾತ್ರ ಒಂದೇ.

ನಾನು ದೆಹಲಿಗೆ ಹೋದದ್ದು ಅಕ್ಕನ ಮಗನ ಹೊಸ ಮನೆ ನೋಡಲು. ಗುರುಗ್ರಾಮದಲ್ಲಿ ಅವನಿಗೆ ಕೆಲಸ, ಕೆಲಸದ ಆಚೆಗೆ ಅವನಿಗೆ ವಾಚಿನ ಹುಚ್ಚು. ಬ್ಯಾಟರಿ ಇಲ್ಲದ, ಸ್ಪ್ರಿಂಗಿನ ಬಲದ ಮೇಲೆ ನಡೆಯುವ ವಾಚುಗಳೇ ಆಗಬೇಕು. ಅದೂ ಜಾಹೀರಾತಿನ ದೊಡ್ಡ ಹೆಸರುಗಳಲ್ಲ. ಮೂರ್ನಾಲ್ಕು ಮಂದಿ ಸೇರಿ ನಡೆಸುವ ಪುಟ್ಟ ಕಂಪನಿಗಳ, ಸಂಬಳದವರ ಕೈಗೆಟುಕುವ ವಾಚುಗಳು. ಅಂಥದ್ದೇ ಹುಚ್ಚಿನ ದೆಹಲಿ, ನೋಯ್ಡಾ, ಗುರುಗ್ರಾಮದ ಮಂದಿ ಆಗಾಗ ಒಂದು ಭಾನುವಾರ ಸೇರಿ ಒಬ್ಬರ ವಾಚನ್ನು ಇನ್ನೊಬ್ಬರು ನೋಡುತ್ತಾರಂತೆ. "ಮಾಮ, ಈ ಭಾನುವಾರ ನೀವೂ ಬರ್ಬೇಕು. ಬೆಂಗಳೂರಿನವರು ಅಂದ್ರೆ ನಮ್ಮವರು ಕಾಲಿಗೆ ಬೀಳ್ತಾರೆ" ಅಂದ. ಬೆಂಗಳೂರಿನವರ ಕಾಲಿಗೆ ಬೀಳುವಂಥದ್ದು ಏನಿದೆಯೋ ನನಗೆ ಹೊಳೆಯಲಿಲ್ಲ. ಭಾನುವಾರಕ್ಕೆ ಇನ್ನೂ ದಿನವಿತ್ತು. ಅಲ್ಲಿಯವರೆಗೆ ಊರು ಸುತ್ತಿದೆ. ಹೋದಲ್ಲೆಲ್ಲ ಗಡಿಯಾರವೇ ಎದುರಾಯಿತು.

ದೆಹಲಿಯಷ್ಟು ಬಗೆಬಗೆಯಾಗಿ ಹೊತ್ತು ಅಳೆದ ಊರು ಈ ದೇಶದಲ್ಲಿ ಇನ್ನೊಂದಿರಲಾರದು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತನ್ನ ಫಿರೋಜಾಬಾದಿನಲ್ಲಿ ಹೊತ್ತು ಸಾರುವ ಜಾಗಟೆಯ ಗಡಿಯಾರ ಹಾಕಿಸಿದ್ದ. ಅಲ್ಲಿನ ಕೋಟೆಯ ಪಕ್ಕದಲ್ಲೇ ಈಗ ಕ್ರಿಕೆಟ್ ಮೈದಾನವಿದೆ. ಬಾಬರ್ ತನ್ನ ಆತ್ಮಕಥೆಯಲ್ಲಿ ಇಲ್ಲಿನವರ ಗಳಿಗೆ, ಪ್ರಹರಗಳ ಲೆಕ್ಕ ಬರೆದಿಟ್ಟಿದ್ದಾನೆ. ತೂತಿನ ಬಟ್ಟಲು ನೀರಿನಲ್ಲಿ ತೇಲಿ, ತುಂಬಿ, ಮುಳುಗುವ ಇಪ್ಪತ್ತನಾಲ್ಕು ನಿಮಿಷಕ್ಕೊಂದು ಪೆಟ್ಟು. ಎಷ್ಟನೆಯ ಪ್ರಹರ ಎಂಬುದು ರಾತ್ರಿ ಎಚ್ಚರವಾದವರಿಗೆ ತಿಳಿಯುವುದಿಲ್ಲವೆಂದು ಪ್ರಹರದ ಸಂಖ್ಯೆಯನ್ನೂ ಬಾರಿಸುವಂತೆ ಆತ ಹೊಸ ಪದ್ಧತಿ ತಂದನಂತೆ. ಕೆಂಪುಕೋಟೆಯ ನೌಬತ್‌ಖಾನೆಯಲ್ಲಿ ದಿನಕ್ಕೆ ಐದು ಸಲ ವಾದ್ಯ ನುಡಿಯುತ್ತಿತ್ತು.

ಇವೆಲ್ಲಕ್ಕಿಂತ ವಿಸ್ಮಯದ ಜಾಗ ಹೊರಗಿನಿಂದ ನೋಡಿದರೆ ಸಪ್ಪೆ. ಪೂಸಾ ಬಳಿ ಡಾ. ಕೆ.ಎಸ್. ಕೃಷ್ಣನ್ ಮಾರ್ಗದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ. ಮರ, ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ. ಭಾರತದ ಅಧಿಕೃತ ಸಮಯ ಹುಟ್ಟುವುದು ಈ ಕಾಂಪೌಂಡಿನೊಳಗೆ. ಸೀಸಿಯಂ ಪರಮಾಣು ಗಡಿಯಾರಗಳೂ ಹೈಡ್ರೋಜನ್ ಮೇಸರ್‌ಗಳೂ ಒಳಗೆ ಹಗಲಿರುಳು ನಡೆಯುತ್ತಿವೆ. ಸೀಸಿಯಂ ಪರಮಾಣುವಿನ ವಿಕಿರಣ 9,19,26,31,770 ಸಲ ಕಂಪಿಸಿದರೆ ಅದು ಒಂದು ಸೆಕೆಂಡು ಎಂದು ಜಗತ್ತು ಒಪ್ಪಿಕೊಂಡದ್ದು 1967ರಲ್ಲಿ. ಒಂಬೈನೂರು ಕೋಟಿಗೂ ಮಿಕ್ಕಿದ ಆ ಎಣಿಕೆಯನ್ನು ಯಂತ್ರ ಪ್ರತಿ ಸೆಕೆಂಡೂ ತಪ್ಪದೆ ಎಣಿಸುತ್ತದೆ. ಒಳಗೆ ಬಿಡಲಾರರು, ಕೇಳಲೂ ಇಲ್ಲ. ಗೇಟಿನೆದುರಿನ ಗಾಡಿಯಲ್ಲಿ ಚಹಾ ಕುಡಿದು, ನನ್ನ ಬ್ಯಾಟರಿ ವಾಚನ್ನು ಒಮ್ಮೆ ನೋಡಿಕೊಂಡು ಬಂದೆ.

ಚಾಂದನಿ ಚೌಕದಲ್ಲಿ ರಿಕ್ಷಾದವನಿಗೆ "ಘಂಟಾಘರ್" ಎಂದರೆ ಟೌನ್‌ಹಾಲಿನ ಎದುರು ಇಳಿಸುತ್ತಾನೆ. ಅಲ್ಲಿ ಗಡಿಯಾರವೂ ಇಲ್ಲ, ಗೋಪುರವೂ ಇಲ್ಲ. 1870ರ ದಶಕದಲ್ಲಿ ಬ್ರಿಟಿಷರು ಕಟ್ಟಿದ್ದ ಗೋಪುರ 1950ರ ದಶಕದ ಆರಂಭದಲ್ಲಿ ಕುಸಿಯಿತು, ಉಳಿದದ್ದನ್ನು ಆಮೇಲೆ ಕೆಡವಿದರು. ಎರಡು ಮೂರು ತಲೆಮಾರು ಕಳೆದರೂ ಜನ ಇನ್ನೂ ಅಲ್ಲೇ ಇಳಿಯುತ್ತಾರೆ, ಅಲ್ಲೇ ಸಿಗೋಣ ಎನ್ನುತ್ತಾರೆ.

ಹತ್ತಿರದ ಒಂದು ಗಲ್ಲಿಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವಿನ ಸಂದಿಯಲ್ಲಿ ಒಬ್ಬ ವಾಚ್ ರಿಪೇರಿಯವರು ಕೂತಿದ್ದರು. ಗಾಜಿನ ಪೆಟ್ಟಿಗೆ, ಬಲಗಣ್ಣಿಗೆ ಸಿಕ್ಕಿಸಿದ ಮಸೂರ, ಮೇಲೊಂದು ಟೇಬಲ್ ಲ್ಯಾಂಪು. ಪೆಟ್ಟಿಗೆಯ ಕೆಳಗೆ ಹಳೆಯ ಪಾನ್ ಮಸಾಲಾ ಡಬ್ಬಿಗಳ ಸಾಲು. ಒಂದರಲ್ಲಿ ಕೀಗಳು, ಇನ್ನೊಂದರಲ್ಲಿ ಮುಳ್ಳುಗಳು, ಮತ್ತೊಂದರಲ್ಲಿ ಎಳ್ಳಿಗಿಂತ ಸಣ್ಣ ತಿರುಪುಗಳು. ಎಲ್ಲಿಯವರು ಅಂದರು. ಬೆಂಗಳೂರು ಅಂದೆ. ಮಸೂರ ತೆಗೆದು ನನ್ನನ್ನು ನೇರ ನೋಡಿದರು. "ಎಚ್‌ಎಂಟಿ!" ಅಂದರು. ಆ ಡಬ್ಬಿಗಳಲ್ಲಿದ್ದ ಬಹುಪಾಲು ಸಾಮಾನು ಎಚ್‌ಎಂಟಿಯದೇ. ಹೊಸ ಬಿಡಿಭಾಗ ಬರುವುದು ನಿಂತು ವರ್ಷಗಳಾದವು, ಸತ್ತ ವಾಚಿನ ಚಕ್ರ ಬದುಕಿರುವ ವಾಚಿಗೆ ಹೋಗುತ್ತದೆ ಎಂದು ವಿವರಿಸಿದರು. ಮಗ ಈ ಕೆಲಸಕ್ಕೆ ಬಂದಿಲ್ಲ. ಆದರೆ ಈಚೆಗೆ ಹುಡುಗರು ಹುಡುಕಿಕೊಂಡು ಬರುತ್ತಿದ್ದಾರೆ, "ಚಾಬಿವಾಲಿ ಘಡಿ", ಅಂದರೆ ಕೀ ಕೊಡುವ ವಾಚು, ಇದೆಯಾ ಎಂದು ಕೇಳುತ್ತಾರೆ ಅನ್ನುವಾಗ ಅವರ ದನಿಯಲ್ಲಿ ಸಂಶಯವೂ ಇತ್ತು, ಖುಷಿಯೂ ಇತ್ತು.

ಚಾಂದನಿ ಚೌಕದಿಂದ ಗುರುಗ್ರಾಮಕ್ಕೆ ಮೆಟ್ರೊದ ಹಳದಿ ಮಾರ್ಗವೊಂದೇ ಸಾಕು, ಬದಲಿಸಬೇಕಾಗಿಲ್ಲ. ನೆಲದಡಿಯಲ್ಲಿ ಬಹಳ ಹೊತ್ತು ಓಡಿ, ಕುತುಬ್ ಮಿನಾರ್ ನಿಲ್ದಾಣದ ಹೊತ್ತಿಗೆ ರೈಲು ಬೆಳಕಿಗೆ ಏರುತ್ತದೆ. ಆಮೇಲೆ ಗಾಜಿನ ಕಟ್ಟಡಗಳು ಶುರು. ಭಾನುವಾರ ಬೆಳಗಿನ ಹನ್ನೊಂದಕ್ಕೆ ನಾವು ಒಂದು ಕಾಫಿ ಅಂಗಡಿಯ ಮೇಲಂತಸ್ತು ಹತ್ತಿದೆವು. ಎಳೆ ಬಿಸಿಲು ಬೀಳುವ ಉದ್ದನೆಯ ಮೇಜು, ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಬಟ್ಟೆ, ಬಟ್ಟೆಯ ಮೇಲೆ ವಾಚುಗಳು. ಮೊದಲ ನೋಟಕ್ಕೆ ಯಾರದು ಯಾವುದು ತಿಳಿಯುವುದಿಲ್ಲ. ಅದೇ ಅವರ ಪದ್ಧತಿ. ಬಂದವರು ಉಂಗುರ, ಕಡಗ ತೆಗೆದಿಟ್ಟು, ಕೈ ಒರೆಸಿಕೊಂಡು, ತಮ್ಮ ವಾಚನ್ನು ಬಿಚ್ಚಿ ಮೇಜಿಗೆ ಹಾಕುತ್ತಾರೆ. ಯಾರು ಯಾವುದನ್ನಾದರೂ ಎತ್ತಿಕೊಳ್ಳಬಹುದು, ಬಟ್ಟೆಯ ಮೇಲೆಯೇ ಹಿಡಿದು ನೋಡಬೇಕು. ಕೀ ಕೊಡುವ ಮುಂಚೆ ಮಾತ್ರ ಕೇಳಬೇಕು. "ಕೀ ಕೊಡ್ಲಾ?" ಎಂದು ಅವರು ಒಬ್ಬರನ್ನೊಬ್ಬರು ಕೇಳುವಾಗಿನ ವಿನಯವನ್ನು ನಾನು ದೆಹಲಿಯ ರಸ್ತೆಗಳಲ್ಲಿ ಎಲ್ಲಿಯೂ ಕಂಡಿರಲಿಲ್ಲ.

ಬೆಲೆಯನ್ನು ಯಾರೂ ಮೊದಲು ಕೇಳುವುದಿಲ್ಲ. ಎಲ್ಲಿ ಸಿಕ್ಕಿತು, ಒಳಗೆ ಯಾವ ಮಷೀನು, ದಿನಕ್ಕೆ ಎಷ್ಟು ಸೆಕೆಂಡು ಓಡುತ್ತದೆ ಅಥವಾ ಹಿಂದೆ ಬೀಳುತ್ತದೆ ಎಂಬುದೇ ಕುಶಲ ಪ್ರಶ್ನೆ. ಒಬ್ಬ ಹುಡುಗ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ನೋಟ್‌ಪುಸ್ತಕ ಇಟ್ಟುಕೊಂಡಿದ್ದ. ಒಬ್ಬರ ವಾಚು ಇಷ್ಟವಾದರೆ ಮುಂದಿನ ಸಲ ಸೇರುವವರೆಗೆ ಕಟ್ಟಿಕೊಂಡು ಹೋಗಬಹುದು, ಅದರ ಲೆಕ್ಕ ಆ ಪುಸ್ತಕದಲ್ಲಿ. ನಾನು ಬೆರಗಾಗಿ ಓದಿದೆ. ರೋಹಿಣಿ ಬಡಾವಣೆಯ ವಾಚು ಫರೀದಾಬಾದಿನಲ್ಲಿ, ಫರೀದಾಬಾದಿನದು ದ್ವಾರಕಾದಲ್ಲಿ. ಲಕ್ಷಗಟ್ಟಲೆಯ ವಾಚು ಬ್ಯಾಂಕಿನ ಲಾಕರಿನಲ್ಲಿ ಕೂರುತ್ತದೆ, ವಿಮೆ ಮಾಡಿಸಿಕೊಳ್ಳುತ್ತದೆ, ಮದುವೆಯ ದಿನ ಹೊರಗೆ ಬರುತ್ತದೆ. ಹೀಗೆ ಮನೆಮನೆ ತಿರುಗುವ ಭಾಗ್ಯ ಅದಕ್ಕೆಲ್ಲಿ? ಅಗ್ಗದ ವಾಚನ್ನೇ ಇವರು ಹುಡುಕುವುದು ಬರೀ ಜೇಬಿನ ಕಾರಣಕ್ಕಲ್ಲ ಎಂದು ನನಗೆ ಅಲ್ಲಿ ಅನ್ನಿಸಿತು. ಕೈಯಿಂದ ಕೈಗೆ ಕೊಡಲು ಧೈರ್ಯ ಬರುವ ಬೆಲೆ ಅದು.

ಮೇಜಿನ ಮೇಲೆ ಇಡೀ ಭೂಪಟವಿತ್ತು. ನೋಯ್ಡಾದ ಕಾಲೇಜು ಹುಡುಗಿಯೊಬ್ಬಳ ವೊಸ್ಟೋಕ್ ಆಂಫಿಬಿಯಾ ರಷ್ಯಾದ ಚಿಸ್ತೊಪೋಲ್ ಎಂಬ ನದಿತೀರದ ಊರಿನದು. 1941ರಲ್ಲಿ ಜರ್ಮನರು ಬಂದಾಗ ಮಾಸ್ಕೋದ ವಾಚ್ ಕಾರ್ಖಾನೆಯೊಂದನ್ನು ಬಿಚ್ಚಿ ಸಾಗಿಸಿದ್ದು ಅಲ್ಲಿಗೆ. ಇನ್ನೂರು ಮೀಟರ್ ನೀರಿನಡಿಗೆ ಹೋಗಬಲ್ಲ ವಾಚು, ಯಮುನೆಯ ಪಕ್ಕದ ಹಾಸ್ಟೆಲಿನಲ್ಲಿ ವಾಸ. ಬ್ರಿಟನ್ನಿನ ಸ್ಟುಡಿಯೋ ಅಂಡರ್‌ಡಾಗ್ ಎಂಬ ಪುಟ್ಟ ಕಂಪನಿಯ ವಾಚೊಂದು ನೋಡಿದರೆ ನಗು ಬರುವಂಥದ್ದು. ಡಯಲ್ ಪೂರ್ತಿ ಕಲ್ಲಂಗಡಿಯ ತಿರುಳಿನ ಬಣ್ಣ, ಅಂಚಿಗೆ ಹಸಿರು ಸಿಪ್ಪೆ, ಗುರುತುಗಳಿರುವಲ್ಲಿ ಬೀಜಗಳು. ದೊಡ್ಡ ಕಂಪನಿಯ ಆಡಳಿತ ಮಂಡಳಿ ಇದನ್ನು ಒಪ್ಪುತ್ತಿತ್ತೇ? ಅದನ್ನು ಕಟ್ಟಿಕೊಂಡು ಬಂದವರು ಎತ್ತರದ ಸರ್ದಾರ್ಜಿ, ಹೃದ್ರೋಗ ತಜ್ಞರು. ರೋಗಿಗಳು ಈ ವಾಚು ನೋಡಿಯೇ ಅರ್ಧ ಗುಣವಾಗುತ್ತಾರೆ ಅಂತ ಅವರ ವಾದ. ಎಲ್ಲರೂ ಅವರನ್ನು ಡಾಕ್ಟರ್ ಸಾಹೇಬ್ ಎನ್ನುತ್ತಿದ್ದರು.

ಆ ಕಲ್ಲಂಗಡಿಯನ್ನು ತಿರುಗಿಸಿದರೆ ಹಿಂಬದಿಯ ಗಾಜಿನಲ್ಲಿ ಚೀನಾದ ಸೀಗಲ್ ಯಂತ್ರ. ಅದರ ಕಥೆಯನ್ನು ಡಾಕ್ಟರ್ ಸಾಹೇಬರೇ ಹೇಳಿದರು. 1961ರಲ್ಲಿ ಚೀನಾದ ವಾಯುಪಡೆಗೆ ಸೆಕೆಂಡು ಅಳೆಯುವ ವಾಚು ಬೇಕಾಯಿತು. ಟಿಯಾಂಜಿನ್ ಕಾರ್ಖಾನೆಗೆ ಆ ಕೆಲಸ ವಹಿಸಿದರು. ಸ್ವಿಟ್ಜರ್ಲೆಂಡಿನ ವೀನಸ್ ಎಂಬ ಕಂಪನಿ ತನ್ನ ಹಳೆಯ ಯಂತ್ರದ ವಿನ್ಯಾಸವನ್ನೂ ಅದನ್ನು ತಯಾರಿಸುವ ಉಪಕರಣಗಳನ್ನೂ ಮಾರಿತು. ಅಂದು ಶುರುವಾದದ್ದು ಇಂದಿಗೂ ನಡೆದಿದೆ, ಜಗತ್ತಿನ ಎಷ್ಟೋ ಸಣ್ಣ ಕಂಪನಿಗಳಿಗೆ ಆ ಯಂತ್ರವೇ ಆಸರೆ.

1961 ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಅದೇ ವರ್ಷ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಜಪಾನಿನ ಸಿಟಿಝನ್ ಕಂಪನಿಯ ಸಹಯೋಗದಲ್ಲಿ ವಾಚ್ ಕಾರ್ಖಾನೆ ಆರಂಭಿಸಿತ್ತು. ಮರುವರ್ಷ ಹಿಮಾಲಯದಲ್ಲಿ ಕಾದಾಡಲಿದ್ದ ಎರಡು ದೇಶಗಳು ಒಂದೇ ವರ್ಷದಲ್ಲಿ, ಎರಡು ಬೇರೆ ಬೇರೆ ದೇಶಗಳಿಂದ, ಒಂದೇ ವಿದ್ಯೆಯನ್ನು ಮನೆಗೆ ತಂದವು. ಟಿಯಾಂಜಿನ್‌ದೂ ಜಾಲಹಳ್ಳಿಯದೂ ಗುರುಗ್ರಾಮದ ಈ ಮೇಜಿನ ಮೇಲೆ ಒಂದು ಗೇಣಿನ ಅಂತರದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದವು.

ಹೌದು, ಎಚ್‌ಎಂಟಿಗಳಿದ್ದವು. ರಾಶಿ ರಾಶಿ ಇದ್ದವು. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್. ಮತ್ತಿಕೆರೆಯಲ್ಲಿ ಬೆಳೆದ ನನಗೆ ಎಚ್‌ಎಂಟಿ ಎಂದರೆ ಒಂದು ಬಸ್‌ಸ್ಟಾಪು, ಒಂದು ಕಾಲೊನಿ, ಬೆಳಗಿನ ಪಾಳಿಗೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಕಾರ್ಖಾನೆ ಬಸ್ಸು. ಜೋಡಣೆ ವಿಭಾಗದಲ್ಲಿ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಕೂರಿಸುವ ಕೆಲಸಕ್ಕೆ ಹೆಣ್ಣುಮಕ್ಕಳೇ ಹೆಚ್ಚು. ಆ ಬಸ್ಸಿನ ಹೆಂಗಸರ ಕೈಕೆಲಸವನ್ನು ರೋಹ್ಟಕ್‌ನ ಹುಡುಗನೊಬ್ಬ ನನಗೆ ವಿವರಿಸತೊಡಗಿದ. ಡಯಲಿನ ಮೇಲೆ ನಾಗರಿಯಲ್ಲಿ ಬರೆದ ಜನತಾ ಯಾವ ಕಾಲದ್ದು, ಪ್ಯಾರಾಶಾಕ್ ಎಂಬ ಬರಹ ಎಲ್ಲಿರಬೇಕು, ಯಾವ ಮುಳ್ಳಿಗೆ ಯಾವ ಡಯಲ್ ಜೋಡಿ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಪ್ಯಾರಾಶಾಕ್ ಎಂಬುದು ವಾಚು ಕೆಳಗೆ ಬಿದ್ದರೂ ಒಳಗಿನ ಸೂಕ್ಷ್ಮ ಅಚ್ಚು ಮುರಿಯದಂತೆ ಕಾಯುವ ಸಿಟಿಝನ್‌ನವರ ಏರ್ಪಾಡು. ಪೈಲಟ್ ಕಟ್ಟಿದವರೆಲ್ಲ ವಿಮಾನ ಹಾರಿಸಲಿಲ್ಲ, ಜವಾನ್ ಕಟ್ಟಿದವರಲ್ಲಿ ಮಾತ್ರ ಬಹಳ ಮಂದಿ ಸೈನಿಕರೇ. ಕಾಂಚನ್ ಸ್ವಯಂಚಾಲಿತ, ಅಂದರೆ ಕೈಯ ಅಲುಗಾಟಕ್ಕೇ ಕೀ ತಿರುಗುವಂಥದ್ದು. ಎಂಬತ್ತರ ದಶಕದಲ್ಲಿ ಉತ್ತರದ ಮದುವೆಗಳಲ್ಲಿ ವರನ ಕಡೆಯವರು ಹೆಸರು ಹಿಡಿದೇ ಕೇಳುತ್ತಿದ್ದರು ಎಂದು ಒಬ್ಬ ನಿವೃತ್ತ ರೈಲ್ವೆ ಅಧಿಕಾರಿ ನಕ್ಕರು. ಅವರನ್ನು ಮಕ್ಕಳೆಲ್ಲ ಅಂಕಲ್‌ಜೀ ಎನ್ನುತ್ತಿದ್ದರು. ನಿಮಗೂ ಸಿಕ್ಕಿತ್ತೇ ಎಂದೆ. "ನನ್ನ ಮಾವನವರು ಜನತಾದಲ್ಲೇ ಮುಗಿಸಿದರು" ಅಂದರು.

ದೆಹಲಿಯವರಿಗೆ ಬೆಂಗಳೂರಿನ ಕಾರ್ಖಾನೆಗಿಂತ ರಾಣಿಬಾಗ್ ಹೆಚ್ಚು ಪರಿಚಿತ. ನೈನಿತಾಲಿಗೆ ಹೋಗುವ ದಾರಿಯಲ್ಲಿ, ಕಾಠಗೋದಾಮು ದಾಟಿದ ಮೇಲೆ, ಬೆಟ್ಟದ ಬುಡದಲ್ಲಿ ಎಚ್‌ಎಂಟಿಯ ಇನ್ನೊಂದು ಘಟಕವಿತ್ತು. ಶ್ರೀನಗರದಲ್ಲೊಂದು, ನಮ್ಮ ತುಮಕೂರಿನಲ್ಲೊಂದು. ದೇಶದ ಎದೆಬಡಿತ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿದ್ದ ಕಂಪನಿ ಅದು, ಹೇಳಿಕೊಂಡದ್ದು ಸುಳ್ಳೂ ಆಗಿರಲಿಲ್ಲ. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೈಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ನಮ್ಮಲ್ಲಿ ಆ ಬಿಸಿ ಮುಟ್ಟಿದ್ದು ತಡವಾಗಿ, 1984ರಲ್ಲಿ ಹೊಸೂರಿನಲ್ಲಿ ಟೈಟನ್ ಹುಟ್ಟಿದ ಮೇಲೆ. ಬೆಂಗಳೂರಿನಿಂದ ಒಂದು ತಾಸಿನ ದಾರಿ, ಗಡಿಯಾಚೆ ಕಾಲಿಟ್ಟರೆ ಹೊಸೂರು. ಅಲ್ಲಿಂದ ಬಂದ ತೆಳ್ಳನೆಯ ಕ್ವಾರ್ಟ್ಜ್ ವಾಚುಗಳ ಮುಂದೆ ಜನತಾ ಹಳ್ಳಿಯ ನೆಂಟನಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆ ನಿರ್ಧಾರವಾದದ್ದೂ ಇದೇ ದೆಹಲಿಯಲ್ಲಿ. ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಜನ ಬೇಡವೆಂದ ಕಾಲದಲ್ಲಿ ಮೂಲೆ ಸೇರಿದ್ದ ವಾಚಿಗೆ ಕಾರ್ಖಾನೆ ಮುಚ್ಚುವ ಸುದ್ದಿ ಬಂದೊಡನೆ ಸಾಲು ಹಚ್ಚಿದರು. ನಮ್ಮ ಜನ ಸಾವಿನ ಮನೆಗೆ ತಪ್ಪದೇ ಬರುತ್ತಾರೆ.

ಅಂಕಲ್‌ಜೀ ಚೀಲದಿಂದ ಒಂದು ಸಣ್ಣ ಯಂತ್ರ ಹೊರತೆಗೆದರು, ಹೆಸರು ಟೈಮ್‌ಗ್ರಾಫರ್. ವಾಚನ್ನು ಹಿಡಿದುಕೊಳ್ಳುವ ಒಂದು ಹಿಡಿಕೆ, ಅದರೊಳಗೊಂದು ಮೈಕು, ತಂತಿಯ ಆಚೆ ಪರದೆ. ಜನತಾ ಒಂದನ್ನು ಹಿಡಿಕೆಗೆ ಸಿಕ್ಕಿಸಿದೊಡನೆ ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿ ಗೆರೆಗಳಾಗತೊಡಗಿದವು. ಪ್ರತಿ ಚುಕ್ಕಿಯೂ ಒಂದು ಟಿಕ್. ಗೆರೆ ಮಟ್ಟಸವಾಗಿದ್ದರೆ ವಾಚು ಸರಿ, ಮೇಲೇರಿದರೆ ಮುಂದೋಡುತ್ತಿದೆ, ಇಳಿದರೆ ಹಿಂದೆ. ಇದು ಮೇಲೇರುತ್ತಿತ್ತು, ದಿನಕ್ಕೆ ಮೂವತ್ತೆರಡು ಸೆಕೆಂಡು ಮುಂದೆ. ಅವರು ಹಿಂಬದಿಯ ಮುಚ್ಚಳವನ್ನು ಚೂರಿಯ ತುದಿಯಿಂದ ಮೀಟಿದರು. ಮಸೂರವನ್ನು ನನ್ನ ಕಣ್ಣಿಗೆ ಕೊಟ್ಟರು.

ಒಳಗೊಂದು ಊರೇ ಇತ್ತು. ಬೆಳ್ಳಿ ಬಣ್ಣದ ಸೇತುವೆಗಳು, ಅವುಗಳ ನಡುವೆ ಇಣುಕುವ ಹಿತ್ತಾಳೆ ಹಲ್ಲುಗಳು, ಅಲ್ಲಲ್ಲಿ ದಾಳಿಂಬೆ ಕೆಂಪಿನ ಚುಕ್ಕೆ. ಆ ಚುಕ್ಕೆಗಳೇ ಡಯಲಿನ ಮೇಲೆ ಬರೆದಿರುವ ಹದಿನೇಳು ಜ್ಯುವೆಲ್‌ಗಳು. ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ, ಆಭರಣಕ್ಕಲ್ಲ, ಅಚ್ಚು ಸವೆಯದಂತೆ ತಿರುಗಲು. ಒಂದು ಮೂಲೆಯಲ್ಲಿ ಬ್ಯಾಲೆನ್ಸ್ ಚಕ್ರ ಅತ್ತಿಂದಿತ್ತ ತೂಗುತ್ತಿತ್ತು, ಅದರ ನಡುವೆ ಹೇರ್‌ಸ್ಪ್ರಿಂಗಿನ ಸುರುಳಿ ಮಲಗಿದ ಕೂಸಿನ ಹೊಟ್ಟೆಯ ಹಾಗೆ ಉಬ್ಬಿ ಇಳಿಯುತ್ತಿತ್ತು. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000, ದಿನಕ್ಕೆ 4,32,000. ಅಂಕಲ್‌ಜೀ ಬ್ಯಾಲೆನ್ಸಿನ ಮೇಲಿದ್ದ ಸಣ್ಣ ಕಡ್ಡಿಯೊಂದನ್ನು ಮರದ ಚೂಪಿನಿಂದ ಮುಟ್ಟಿದರು, ಸರಿಸಿದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಪರದೆಯ ಗೆರೆ ಮಾತ್ರ ನಿಧಾನವಾಗಿ ಬಾಗಿತು. ಹದಿನೆಂಟು. ಇನ್ನೊಮ್ಮೆ ಮುಟ್ಟಿದರು. ಒಂಬತ್ತು. "ಬಸ್, ಇಷ್ಟು ಸಾಕು. ನನಗೂ ದಿನಕ್ಕೆ ಒಂಬತ್ತು ಸೆಕೆಂಡು ಹೆಚ್ಚುಕಮ್ಮಿ ಆಗುತ್ತೆ" ಅಂದರು.

ನಾನು ಕಾಗದದಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ ಒಂಬತ್ತು ಎಂದರೆ ಸುಮಾರು ಹತ್ತು ಸಾವಿರಕ್ಕೆ ಒಂದು ಪಾಲು. ಒಂದು ಸ್ಪ್ರಿಂಗು, ಒಂದಿಷ್ಟು ಹಲ್ಲು, ಹದಿನೇಳು ಕೆಂಪು ಕಲ್ಲು. ಬ್ಯಾಟರಿ ಇಲ್ಲ, ಕರೆಂಟಿಲ್ಲ. ಮುಂಜಾನೆ ಹೆಬ್ಬೆರಳು ತೋರುಬೆರಳಿನಿಂದ ಕೊಟ್ಟ ಕಸುವೇ ಮರುದಿನದವರೆಗೂ ಅದರೊಳಗೆ ಓಡುತ್ತದೆ. ಪೂಸಾದ ಕಾಂಪೌಂಡಿನೊಳಗಿನ ಯಂತ್ರಗಳ ಕರಾರುವಾಕ್ಕಿನ ಎದುರು ಇದು ಏನೂ ಅಲ್ಲ, ನಿಜ. ಆದರೆ ಆ ಯಂತ್ರಗಳನ್ನು ನಾನು ಎಂದೂ ನೋಡಲಾರೆ. ಇದರ ಹೊಟ್ಟೆಯನ್ನು ಕಣ್ಣಾರೆ ಕಂಡೆ, ಅದು ತಪ್ಪುವುದನ್ನೂ ತಿದ್ದಿಕೊಳ್ಳುವುದನ್ನೂ ಕಂಡೆ.

ಇಂಥ ಹಳೆಯ ವಾಚಿನ ಪ್ರೀತಿಗೆ ಒಂದು ಕೊಳಕು ಮಗ್ಗುಲೂ ಇದೆ. ಸತ್ತ ವಾಚುಗಳ ತುಂಡುಗಳನ್ನು ಜೋಡಿಸಿ, ಡಯಲಿಗೆ ಕಿತ್ತಳೆ, ನೀಲಿ ಬಣ್ಣ ಬಳಿದು, ಅಪರೂಪದ ಮಾಲೆಂದು ಮಾರುವ ದಂಧೆ ಜೋರಾಗಿದೆ. ರೋಹ್ಟಕ್‌ನ ಹುಡುಗ ಅಂಥ ಒಂದನ್ನು ಪಾಠಕ್ಕೆಂದೇ ತಂದಿದ್ದ. ಅಕ್ಷರಗಳ ಅಂಚು ಹರಡಿದೆ, ಅಂಕಿಗಳು ಒಂದಕ್ಕೊಂದು ಸಮವಾಗಿಲ್ಲ, ಎಚ್‌ಎಂಟಿ ಎಂದೂ ತಯಾರಿಸದ ಬಣ್ಣ. ಹೊಸಬರು ಬಂದರೆ ಮೊದಲು ಇದನ್ನು ಕೈಗೆ ಕೊಡುತ್ತಾರಂತೆ. ಜಾಮಾ ಮಸೀದಿಯ ಆಸುಪಾಸಿನ ಭಾನುವಾರದ ಚೋರ್ ಬಜಾರಿಗೆ ಹೋಗುವ ಮುಂಚೆ ಈ ದೀಕ್ಷೆ ಕಡ್ಡಾಯ.

ಹೊಸ ಕಾಲದ ಸಣ್ಣ ಕಂಪನಿಗಳ ಸರದಿ ಕಾಫಿಯ ನಂತರ ಬಂತು. ಹಳೆಯ ನಾಣ್ಯವನ್ನೇ ಡಯಲ್ ಮಾಡಿದ ಜೈಪುರ್ ವಾಚ್ ಕಂಪನಿಯ ವಾಚು, ದೆಹಲಿಯ ಹೆಸರನ್ನೇ ಇಟ್ಟುಕೊಂಡ ದೆಹಲಿ ವಾಚ್ ಕಂಪನಿಯದು, ಮತ್ತೆ ನಮ್ಮೂರಿನ ಹೆಸರಿನದು. ಬೆಂಗಳೂರು ವಾಚ್ ಕಂಪನಿಯನ್ನು 2018ರಲ್ಲಿ ಆರಂಭಿಸಿದ್ದು ನಿರುಪೇಶ್ ಜೋಶಿ ಮತ್ತು ಮರ್ಸಿ ಅಮಲ್‌ರಾಜ್ ದಂಪತಿ. ಅವರ ಮಾಕ್ 1 ಎಂಬ ವಾಚು ಮಿಗ್ 21 ಯುದ್ಧವಿಮಾನದ ನೆನಪಿನದು. 2025ರ ಸೆಪ್ಟೆಂಬರಿನಲ್ಲಿ ಆ ವಿಮಾನ ಸೇವೆಯಿಂದ ನಿವೃತ್ತವಾದ ಮೇಲೆ ಈ ವಾಚು ಎತ್ತಿಕೊಂಡವರು ಒಂದು ಕ್ಷಣ ಹೆಚ್ಚು ಹೊತ್ತು ಹಿಡಿದಿರುತ್ತಾರೆ. ಅದರ ಬೆಲೆ ಕೈಗೆಟುಕುವ ಅಂಚನ್ನು ದಾಟಿದೆಯೇ ಇಲ್ಲವೇ ಎಂದು ಮೇಜಿನ ಎರಡು ತುದಿಗಳ ನಡುವೆ ವಾಗ್ವಾದವೇ ಆಯಿತು. ನನ್ನ ಪಿಂಚಣಿಯ ಲೆಕ್ಕದಲ್ಲಿ ದಾಟಿದೆ, ಅಕ್ಕನ ಮಗನ ಸಂಬಳದ ಲೆಕ್ಕದಲ್ಲಿ ಇಲ್ಲ.

ಇಂಥ ಸಣ್ಣ ಕಂಪನಿಗಳು ಹೊರಕವಚ, ಡಯಲ್, ಮುಳ್ಳುಗಳನ್ನು ತಾವೇ ಚಿಂತಿಸಿ ಮಾಡಿಸುತ್ತವೆ. ಒಳಗಿನ ಯಂತ್ರ ಮಾತ್ರ ಸಾಮಾನ್ಯವಾಗಿ ಹೊರಗಿನದು. ಸ್ವಿಸ್ ಯಂತ್ರ ಹಾಕಿದರೆ ಬೆಲೆ ಏರುತ್ತದೆ. ಅಗ್ಗದವಕ್ಕೆ ಸೈಕೊದವರ ಎನ್‌ಎಚ್ 35 ಅಥವಾ ಸಿಟಿಝನ್ ಗುಂಪಿನ ಮಿಯೋಟಾ. ಎನ್‌ಎಚ್ 35ಗೆ ಇಪ್ಪತ್ತನಾಲ್ಕು ಜ್ಯುವೆಲ್, ಗಂಟೆಗೆ 21,600 ಬಡಿತ, ಪೂರ್ತಿ ಕೀ ಇದ್ದರೆ 41 ಗಂಟೆ ಓಟ. ಕೆಟ್ಟರೆ ರಿಪೇರಿಗಿಂತ ಹೊಸ ಯಂತ್ರ ಕೂರಿಸುವುದೇ ಅಗ್ಗ. ಚಾಂದನಿ ಚೌಕದ ಆ ಹಿರಿಯರಿಗೆ ಇದು ಕೇಳಿಸದಿರಲಿ. ಮಿಯೋಟಾ ಎಂದಾಗ ನನಗೆ ಹೊಳೆದದ್ದು ಬೇರೆ. 1961ರಲ್ಲಿ ಜಾಲಹಳ್ಳಿಗೆ ಬಂದ ಅದೇ ಸಿಟಿಝನ್ ಮನೆತನದ ಯಂತ್ರ ಅರವತ್ತು ವರ್ಷಗಳ ಮೇಲೆ ಇಪ್ಪತ್ತೈದರ ಹುಡುಗರು ಕಟ್ಟಿದ ಕಂಪನಿಗಳ ವಾಚಿನೊಳಗೆ ಮತ್ತೆ ನಡೆಯುತ್ತಿದೆ. ಮೊದಲ ಸಲ ಸರ್ಕಾರ ಕರೆತಂದಿತ್ತು, ಈ ಸಲ ಕೊರಿಯರ್‌ನವನು.

ಸುಂಕದ ಮಾತೂ ಬಂತು, ದೆಹಲಿಯಲ್ಲಿ ಅದಿಲ್ಲದೆ ಯಾವ ಮಾತೂ ಮುಗಿಯುವುದಿಲ್ಲ. ಸ್ವಿಟ್ಜರ್ಲೆಂಡ್ ಒಳಗೊಂಡ ನಾಲ್ಕು ದೇಶಗಳ ಜೊತೆ ಭಾರತ 2024ರ ಮಾರ್ಚ್ 10ರಂದು ಈ ಊರಿನಲ್ಲೇ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ, ಸ್ವಿಸ್ ವಾಚುಗಳ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಬೇಕು. ಡಾಕ್ಟರ್ ಸಾಹೇಬರಿಗೆ ಭಾರೀ ಖುಷಿ. ನೋಯ್ಡಾದ ಹುಡುಗಿಗೆ ಅದರಿಂದ ಚಿಕ್ಕಾಸಿನ ಲಾಭವಿಲ್ಲ. "ರಷ್ಯಾದ ಜೊತೆ ಯಾವಾಗ ಸಹಿ ಹಾಕ್ತಾರೆ?" ಅಂದಳು.

ಬಿಸಿಲು ಮೇಜಿನಿಂದ ಗೋಡೆಗೆ ಹತ್ತಿತ್ತು. ನೋಟ್‌ಪುಸ್ತಕದವನು ಈ ತಿಂಗಳ ಅದಲುಬದಲು ಬರೆದುಕೊಳ್ಳುತ್ತಿದ್ದ. ನನ್ನ ಹೆಸರನ್ನೂ ಕೇಳಿದ. ನಾನು ಬ್ಯಾಟರಿ ವಾಚಿನವನು, ಮೇಲಾಗಿ ವಾರದಲ್ಲಿ ಊರಿಗೆ ಹೊರಡುವವನು ಎಂದೆ. ಅಷ್ಟರಲ್ಲಿ ಮಾತು ಬೇರೆ ಕಡೆ ತಿರುಗಿತು. ಅಕ್ಟೋಬರಿನಲ್ಲಿ ಇವರೆಲ್ಲ ಬೆಂಗಳೂರಿಗೆ ಹೋಗಬೇಕಂತೆ, ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂ ನೋಡಲು. ನಾನು ಬಾಲ್ಯದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ ದಾಟಿಹೋದ ಜಾಗಕ್ಕೆ ಇವರು ಯಾತ್ರೆಗೆ ಹೊರಟವರ ಉತ್ಸಾಹದಲ್ಲಿ ರೈಲು ಹುಡುಕುತ್ತಿದ್ದರು. ಯಶವಂತಪುರದಲ್ಲಿ ಇಳಿಯಬೇಕೋ ಮೆಜೆಸ್ಟಿಕ್‌ನಲ್ಲೋ? ಜಾಲಹಳ್ಳಿಗೆ ಮೆಟ್ರೊ ಉಂಟೋ? ಉಂಟು, ಹಸಿರು ಮಾರ್ಗ, ಆಮೇಲೆ ಆಟೊ ಹಿಡಿಯಬೇಕು, ಮೀಟರ್ ಹಾಕಿ ಅಂತ ಗಟ್ಟಿಯಾಗಿ ಹೇಳಿ ಎಂದು ಬರೆಸಿದೆ. ಅಂಕಲ್‌ಜೀ ಪ್ರತಿ ಅಕ್ಷರ ಬರೆದುಕೊಂಡರು, ಮೀಟರ್ ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಲಾಲ್‌ಬಾಗಿನಲ್ಲಿ ಎಚ್‌ಎಂಟಿಯವರು 1983ರಲ್ಲಿ ಕೊಟ್ಟ ಹೂವಿನ ಗಡಿಯಾರವಿದೆ, ಗಿಡಗಳನ್ನೇ ಡಯಲ್ ಮಾಡಿ ಅದರ ಮೇಲೆ ಮುಳ್ಳು ತಿರುಗುತ್ತದೆ ಅಂದೆ. ಒಂದು ಕ್ಷಣ ಯಾರೂ ನಂಬಲಿಲ್ಲ. ಅಕ್ಕನ ಮಗ ಫೋನಿನಲ್ಲಿ ಫೋಟೊ ಹುಡುಕಿ ತೋರಿಸಿದ. ಡಾಕ್ಟರ್ ಸಾಹೇಬರು ಅದನ್ನು ದೊಡ್ಡದು ಮಾಡಿ, ಸುತ್ತ ನಿಂತ ಕುಳ್ಳರ ಗೊಂಬೆಗಳನ್ನು ಎಣಿಸತೊಡಗಿದರು. ಅಂಕಲ್‌ಜೀ ಟೈಮ್‌ಗ್ರಾಫರಿನ ತಂತಿ ಸುತ್ತುತ್ತಿದ್ದವರು ನಿಲ್ಲಿಸಿ ಕೇಳಿದರು, "ಅದಕ್ಕೆ ಮೈಕು ಎಲ್ಲಿ ಹಿಡಿಯೋದು?"